ಚಹಾ ಕಪ್ಪಿನ ಜೊತೆ ತೊಗರಿ ಹೂವನ್ನೂ ನೋಡಿರಿ: ನಮ್ಮ ಭಾಗದ ಸಿನಿಮಾ ಮಾಡುವವರಿಗೆ ಬಹಿರಂಗ ಪತ್ರ

ಕಲಬುರಗಿ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಹಾಗೂ ಕಲಬುರಗಿ, ಬೀದರ್, ಯಾದಗಿರಿಯ ಕಥೆಗಳನ್ನು ತೆರೆಗೆ ತರುವ ನಿರ್ದೇಶಕರು, ನಿರ್ಮಾಪಕರಿಗೆ

ಮಾನ್ಯರೇ,

ನಮ್ಮ ಭಾಗದ ಕಥೆ ಸಿನಿಮಾ ಆಯಿತೆಂದರೆ ಇಲ್ಲಿ ಮನೆಮಂದಿಯೆಲ್ಲ ಹೋಗಿ ನೋಡುತ್ತಾರೆ. ಹೊರಗೆ ಬಂದ ಮೇಲೆ ಕಥೆಗಿಂತ ಮೊದಲು ಬರುವ ಮಾತು ಬೇರೆಯೇ ಇರುತ್ತದೆ: "ಆ ಹೊಲ ನಮ್ಮ ಕಡೀದಲ್ಲ", "ಆ ಹುಡುಗ ಒಂದ್ ಸಲ ಧಾರವಾಡದಂಗ ಮಾತಾಡ್ತಾನ, ಒಂದ್ ಸಲ ಬೆಂಗಳೂರದಂಗ". ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಸೆಟ್ಟಿನಲ್ಲಿ ಕಂಟಿನ್ಯುಟಿ, ಅಂದರೆ ಒಂದು ಶಾಟಿನ ವಿವರ ಮುಂದಿನ ಶಾಟಿಗೆ ಹೊಂದುವಂತೆ ಇಡುವ ಲೆಕ್ಕ, ಬರೆಯುವವರಿದ್ದಾರೆ, ಕಲಾ ವಿಭಾಗದಲ್ಲಿ ದುಡಿಯುವವರಿದ್ದಾರೆ, ಇತಿಹಾಸ ಕಲಿಸುವವರು, ಒಕ್ಕಲುತನದವರು ಇದ್ದಾರೆ. ನಮ್ಮೆಲ್ಲರದು ಒಂದೇ ಅಹವಾಲು. ಅಂಗಿಯ ಗುಂಡಿ, ಕಪ್ಪಿನ ಚಹಾ, ಗಾಯದ ಪಟ್ಟಿ ಇವುಗಳ ಲೆಕ್ಕ ಇಡುವ ಹಾಳೆಯಲ್ಲೇ ಊರಿನ ಮಣ್ಣು, ಹಂಗಾಮು, ಕಾಲಮಾನದ ಲೆಕ್ಕವನ್ನೂ ಇಡಿರಿ. ಎರಡನ್ನೂ ಒಬ್ಬನೇ ಮನುಷ್ಯ, ಒಂದೇ ಹಾಳೆಯಲ್ಲಿ ನೋಡಲಿ.

ಸಣ್ಣ ತಪ್ಪುಗಳ ಬಗ್ಗೆ ನಾವು ತಕರಾರು ತೆಗೆಯುವುದಿಲ್ಲ. ಅವು ಯಾಕೆ ಆಗುತ್ತವೆ ಎನ್ನುವುದು ನಮಗೆ ಗೊತ್ತು. ಇಬ್ಬರು ಎದುರು ಬದುರು ಕೂತು ಮಾತಾಡುವ ದೃಶ್ಯವನ್ನು ಕಥೆಯ ಕ್ರಮದಲ್ಲಿ ಯಾರೂ ಚಿತ್ರೀಕರಿಸುವುದಿಲ್ಲ. ಲೈಟು ಒಂದು ಕಡೆಗೆ ಇಟ್ಟರೆ ಆ ಕಡೆ ಮುಖದ ಎಲ್ಲ ಶಾಟ್‌ಗಳನ್ನೂ ಮುಗಿಸಿ, ಆಮೇಲೆ ಲೈಟು ತಿರುಗಿಸಿ ಇನ್ನೊಬ್ಬರ ಕಡೆ ಹೋಗುತ್ತಾರೆ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಕೇಳಿದ ಪ್ರಶ್ನೆಗೆ ಸಂಜೆ ನಾಲ್ಕಕ್ಕೆ ಉತ್ತರ ಬರುತ್ತದೆ. ನಡುವೆ ಊಟ ಆಗಿರುತ್ತದೆ, ಮೇಕಪ್ ತಿದ್ದಿರುತ್ತಾರೆ, ಕಪ್ಪು ಬದಲಾಗಿರುತ್ತದೆ. ಎಡಿಟರ್ ಮುಂದೆ ಎರಡು ಟೇಕ್ ಇದ್ದು, ಒಂದರಲ್ಲಿ ಕಪ್ಪಿನ ಮಟ್ಟ ಸರಿಯಾಗಿ ಕೂತು ಇನ್ನೊಂದರಲ್ಲಿ ಕಣ್ಣಂಚಿನ ನೀರು ಸರಿಯಾಗಿ ಬಂದಿದ್ದರೆ, ಒಳ್ಳೆಯ ಎಡಿಟರ್ ಕಣ್ಣೀರನ್ನೇ ಆರಿಸಿಕೊಳ್ಳುತ್ತಾನೆ. ಅದು ಸರಿಯಾದ ತೀರ್ಮಾನವೇ. ಪ್ರೇಕ್ಷಕ ಮುಖ ನೋಡುತ್ತಿರುತ್ತಾನೆ, ಕಪ್ಪನ್ನಲ್ಲ.

ಆದರೆ ಹೊಲ ಕಪ್ಪಿನಷ್ಟು ಸಣ್ಣದಲ್ಲ. ಅದು ತೆರೆಯ ಮುಕ್ಕಾಲು ಭಾಗ ತುಂಬಿರುತ್ತದೆ.

ತೊಗರಿಯನ್ನೇ ತಗೊಳ್ಳಿರಿ. ಕಲಬುರಗಿ ಎಂದರೆ ತೊಗರಿ ಎಂದು ಎಲ್ಲರಿಗೂ ಗೊತ್ತು. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯೂ ಬಂತು. ಜೂನ್, ಜುಲೈ ಮಳೆಗೆ ಬಿತ್ತುತ್ತಾರೆ. ಆಗಸ್ಟ್‌ನಲ್ಲಿ ಮೊಣಕಾಲು ಮಟ್ಟ, ದಸರೆ ಹೊತ್ತಿಗೆ ಎದೆಮಟ್ಟ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹೊಲವೆಲ್ಲ ಹಳದಿ ಹೂವು. ಆಮೇಲೆ ಕಾಯಿ ಕಟ್ಟುತ್ತದೆ, ಎಲೆ ಉದುರುತ್ತದೆ, ಡಿಸೆಂಬರ್, ಜನವರಿಯಲ್ಲಿ ಕಂದು ಬಣ್ಣದ ಕಡ್ಡಿಗಳು ಮಾತ್ರ ನಿಂತಿರುತ್ತವೆ. ಕೊಯ್ದು ರಾಶಿ ಮಾಡುತ್ತಾರೆ. ಈಗ ಒಂದು ಬೆನ್ನಟ್ಟುವ ದೃಶ್ಯವನ್ನು ನವೆಂಬರ್‌ನಲ್ಲಿ ಹೂವಿನ ಹೊಲದಲ್ಲಿ ಅರ್ಧ ಮುಗಿಸಿ, ನಾಯಕನ ಡೇಟ್ ಸಿಗದೆ ಉಳಿದರ್ಧವನ್ನು ಜನವರಿಯಲ್ಲಿ ಪ್ಯಾಚ್ ವರ್ಕ್ ಮಾಡಿದರೆ ಏನಾಗುತ್ತದೆ? ಓಡಲು ಶುರು ಮಾಡಿದಾಗ ಹಳದಿ, ಬಿದ್ದಾಗ ಕಂದು, ಎದ್ದಾಗ ಬರೀ ಕೂಳೆ. ಬಣ್ಣ ತಿದ್ದುವ ಸೂಟ್‌ನಲ್ಲಿ ಕಂದನ್ನು ಹಸಿರು ಮಾಡಬಹುದು, ಉದುರಿದ ಎಲೆಯನ್ನು ತರಲಾಗುವುದಿಲ್ಲ. ಇನ್ನೊಂದು ಮಾತು: ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಕಡಿದ ಕೂಳೆ ಮೊಳೆಯಂತೆ ನಿಂತಿರುತ್ತದೆ. ಅದರಲ್ಲಿ ಬರಿಗಾಲಲ್ಲಿ ಓಡುವ ನಾಯಕನನ್ನು ಕಂಡರೆ ನಮ್ಮ ಕಡೆಯ ಹುಡುಗರೂ ನಂಬುವುದಿಲ್ಲ. ನಿಮ್ಮ ಕಲಾವಿದರ ಪಾದಕ್ಕೂ ಅದು ಅಪಾಯ.

ಬಿಳಿಜೋಳದ ಲೆಕ್ಕ ಬೇರೆ. ಅದು ಹಿಂಗಾರಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿ ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ಹಾಗಾಗಿ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ದಿನ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಅರ್ಪಿಸಲು, ಹೊಲಕ್ಕೆ ಹೋದಾಗ ಜೋಳ ಹಸಿರಾಗಿ ನಿಂತಿರಬೇಕು, ಕಡಲೆ ಹಸಿರಿರಬೇಕು, ತೊಗರಿ ಒಣಗುತ್ತಿರಬೇಕು. ಈ ಮೂರೂ ಒಂದೇ ಫ್ರೇಮಿನಲ್ಲಿ ಸಿಗುವುದು ಡಿಸೆಂಬರ್, ಜನವರಿಯ ಆ ಕೆಲವೇ ವಾರ. ಚರಗದ ದೃಶ್ಯವನ್ನು ಏಪ್ರಿಲ್‌ನಲ್ಲಿ ಖಾಲಿ ಹೊಲದಲ್ಲಿ ನಾಲ್ಕು ಜೋಳದ ದಂಟು ನೆಟ್ಟು ತೆಗೆಯುವ ಬದಲು ಆ ದೃಶ್ಯವನ್ನೇ ಮನೆಯಂಗಳದ ಬುತ್ತಿ ಕಟ್ಟುವ ದೃಶ್ಯವಾಗಿ ಬದಲಾಯಿಸುವುದು ಮೇಲು.

ಮಣ್ಣಿನ ಮಾತು ಬಿಡುವಂತಿಲ್ಲ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಕಲಬುರಗಿ ಎಂದು ಬೋರ್ಡು ತೋರಿಸಿ ಮುಂದಿನ ಶಾಟ್‌ನಲ್ಲಿ ಕೆಮ್ಮಣ್ಣು, ತೆಂಗಿನ ಸಾಲು, ಕಾಲುವೆ ಬದಿಯ ಗದ್ದೆ ತೋರಿಸಿದರೆ ಅದು ಮಂಡ್ಯದ ಹೊಲ ಎಂದು ಯಾರು ಬೇಕಾದರೂ ಹೇಳುತ್ತಾರೆ. ಭತ್ತ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಸುರಪುರ, ಶಹಾಪುರದ ಕಡೆ ಗದ್ದೆಗಳಾಗಿವೆ. ಆದರೆ ಅದು 1980ರ ದಶಕದಿಂದ ಈಚಿನ ಚಿತ್ರ. 1960ರ ಸುರಪುರದ ಕಥೆಗೆ ಆ ಗದ್ದೆ ಹಿನ್ನೆಲೆಯಾಗಬಾರದು. ಬೀದರಿನಲ್ಲಿ ಮಣ್ಣು ಮತ್ತೆ ಬೇರೆ. ಅಲ್ಲಿ ಜಂಬಿಟ್ಟಿಗೆಯ ಕೆಂಪು ಕಾಣುತ್ತದೆ.

ಎರಿ ಮಣ್ಣು ಕಂಟಿನ್ಯುಟಿಯವನಿಗೆ ವಿಶೇಷ ತೊಂದರೆ ಕೊಡುತ್ತದೆ. ಮಳೆ ಬಿದ್ದಾಗ ಚಪ್ಪಲಿಗೆ ಹತ್ತಿ ನಾಲ್ಕು ಹೆಜ್ಜೆಗೆ ಕಾಲು ಎತ್ತಲಾಗದಷ್ಟು ಭಾರವಾಗುತ್ತದೆ, ಧೋತರಕ್ಕೆ ಹತ್ತಿದ್ದು ಕಪ್ಪಗೆ ಹೊಳೆಯುತ್ತದೆ. ಅದೇ ಕೆಸರು ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಬೂದಿ ಬಣ್ಣಕ್ಕೆ ತಿರುಗಿ ಪೊರೆಯಾಗಿ ಉದುರುತ್ತದೆ. ಕೆಂಪು ಮಣ್ಣಾದರೆ ಒಣಗಿದರೂ ಕಲೆ ಉಳಿಯುತ್ತದೆ, ಎರಿ ಹಾಗಲ್ಲ. ಆದ್ದರಿಂದ ಕೆಸರಿನ ದೃಶ್ಯವಿದ್ದರೆ ಅದೇ ಹೊಲದ ಮಣ್ಣನ್ನು ಒಂದು ಬಕೆಟ್ ಕಲಸಿ ಮುಚ್ಚಿಡಿ, ನೀರಿನ ಸ್ಪ್ರೇ ಕೈಯಲ್ಲಿರಲಿ, ಪ್ರತಿ ಟೇಕಿಗೂ ಮುಂಚೆ ಫೋಟೊ ನೋಡಿ ಹಚ್ಚಿರಿ. ಧೋತರ ಕನಿಷ್ಠ ಮೂರು ಜೊತೆ ಬೇಕು: ಸ್ವಚ್ಛ ಒಂದು, ಹಸಿ ಕೆಸರಿನದು ಒಂದು, ಒಣಗಿದ್ದು ಒಂದು. ರಕ್ತದ ಅಂಗಿಗೂ ಇದೇ ಲೆಕ್ಕ, ಯಾಕೆಂದರೆ ರಕ್ತವೂ ಹೊತ್ತು ಹೋದಂತೆ ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಗಂಟೆಗಟ್ಟಲೆ ಕಳೆದ ಮೇಲೂ ಅಂಗಿ ಹೊಚ್ಚ ಕೆಂಪಾಗಿಯೇ ಇದ್ದರೆ ಕಥೆಯಲ್ಲಿ ಹೊತ್ತು ಸರಿದದ್ದೇ ಸುಳ್ಳಾಗುತ್ತದೆ.

ನೆರಳಿನ ಕಡೆಗೂ ಕಣ್ಣಿರಲಿ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದ ಸುಮಾರಿಗೆ ಮತ್ತು ಆಗಸ್ಟ್ ಮೊದಲ ವಾರದ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಗೆ ಬರುತ್ತಾನೆ. ನೆರಳು ಕಾಲಡಿಗೆ ಸೇರುತ್ತದೆ. ನಡುವಿನ ತಿಂಗಳುಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಮಧ್ಯಾಹ್ನದ ನೆರಳು ಸ್ವಲ್ಪ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 49 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. 6 ಅಡಿ ಎತ್ತರದ ಮನುಷ್ಯನ ನೆರಳು 5 ಅಡಿಗೂ ಹೆಚ್ಚು ಉತ್ತರಕ್ಕೆ ಚಾಚುತ್ತದೆ. ಡಿಸೆಂಬರ್‌ನಲ್ಲಿ ಚಿತ್ರೀಕರಿಸಿ "ಮೇ ತಿಂಗಳ ಸುಡುಬಿಸಿಲು" ಎಂದು ಹೇಳಿದರೆ ಬೆವರು ಹಚ್ಚಿ, ಹಳದಿ ಬಣ್ಣ ಬಳಿದು ಬಿಸಿಲು ತೋರಿಸಬಹುದು. ಆ ಐದಡಿ ನೆರಳು ಮಾತ್ರ ನಿಜ ಹೇಳಿಬಿಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಮಧ್ಯಾಹ್ನದ ವೈಡ್ ಶಾಟ್ ಬಿಟ್ಟು, ಪಾದ ಕಾಣದಂತೆ ಎದೆಯಿಂದ ಮೇಲಿನ ಫ್ರೇಮ್ ಇಟ್ಟುಕೊಳ್ಳಿರಿ, ಇಲ್ಲವೇ ಬೇವಿನ ನೆರಳಿಗೆ ದೃಶ್ಯ ಸಾಗಿಸಿರಿ.

ಸೂರ್ಯಾಸ್ತವನ್ನು ಸೂರ್ಯೋದಯ ಎಂದು ತೋರಿಸುವುದು ಸಿನಿಮಾದಲ್ಲಿ ನಡೆದು ಬಂದ ಉಪಾಯ. ಬೆಳಗಿನ ಜಾವ ಇಡೀ ಯೂನಿಟ್ ಎಬ್ಬಿಸುವುದು ಕಷ್ಟ ಎನ್ನುವುದು ನಿಜ. ಆದರೆ ಫ್ರೇಮಿನಲ್ಲಿ ಮಸೀದಿ ಇದ್ದರೆ ಆ ಉಪಾಯ ನಡೆಯದು. ನಮ್ಮ ದೇಶದಲ್ಲಿ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಪಶ್ಚಿಮಕ್ಕೆ. ಆ ದಿಕ್ಕನ್ನು ತೋರಿಸುವ ಮೆಹರಾಬಿನ ಗೋಡೆಯ ಹಿಂದಿನಿಂದ ಸೂರ್ಯ ಮೂಡಲಾರ.

ಹಬ್ಬ ಜಾತ್ರೆಗಳಲ್ಲೂ ಇದೇ ಗೊಂದಲ. ಕಲಬುರಗಿಯ ಶರಣಬಸವೇಶ್ವರರ ರಥೋತ್ಸವ ಹೋಳಿಯಾದ ಐದನೇ ದಿನ, ಅಂದರೆ ಯಾವಾಗಲೂ ಬೇಸಿಗೆಯ ಬಾಗಿಲಲ್ಲಿ. ಖಾಜಾ ಬಂದೇ ನವಾಜರ ಉರುಸ್ ಹಾಗಲ್ಲ. ಅದು ಜುಲ್‌ಖೈದಾ ತಿಂಗಳ 15ರ ಸುಮಾರಿಗೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿ ವರ್ಷ 10, 11 ದಿನ ಹಿಂದೆ ಸರಿಯುತ್ತದೆ. 1985ರಲ್ಲಿ ಅದು ಆಗಸ್ಟ್ ಆರಂಭಕ್ಕೆ ಬಂದಿತ್ತು, ಮಳೆಗಾಲದ ನಡುವೆ. 2000ದಲ್ಲಿ ಫೆಬ್ರವರಿಗೆ. 2024ರಲ್ಲಿ ಮೇ ತಿಂಗಳಿಗೆ. 1985ರ ಕಥೆಯಲ್ಲಿ ಉರುಸ್ ದೃಶ್ಯವಿದ್ದು ಈಗಿನ ಉರುಸ್‌ನಲ್ಲಿ ಗುಂಪಿನ ಶಾಟ್ ತೆಗೆದುಕೊಂಡು ಹೋದರೆ, ಆ ಹಿಂದಿನ ದೃಶ್ಯದಲ್ಲಿ ಕೊಡೆ ಹಿಡಿದು ಬಂದವರು ಇಲ್ಲಿ ಬಿಸಿಲಿಗೆ ಟವೆಲ್ ಹಾಕಿಕೊಂಡಿರುತ್ತಾರೆ. ಯಾವ ವರ್ಷದ ಕಥೆಯೋ ಆ ವರ್ಷದ ಹಿಜರಿ ಪಂಚಾಂಗ ತೆಗೆದು ನೋಡುವುದು ಐದು ನಿಮಿಷದ ಕೆಲಸ.

ಕೋಟೆಗಳ ವಿಷಯಕ್ಕೆ ಬರೋಣ. ಕಲಬುರಗಿ ಕೋಟೆ, ಬೀದರ್ ಕೋಟೆ ಎರಡನ್ನೂ ಬಹಮನಿ ಎಂದು ಒಂದೇ ಕೋಟೆಯಾಗಿ ತೋರಿಸುತ್ತಾರೆ. ಬಾಗಿಲು ಬೀದರಿನದು, ಒಳಗೆ ಹೋದರೆ ಕಲಬುರಗಿಯ ಜಾಮಾ ಮಸೀದಿ. ಬೀದರಿನದು ಕೆಂಪು ಜಂಬಿಟ್ಟಿಗೆ, ಕಲಬುರಗಿಯದು ಕಪ್ಪುಗಲ್ಲು. ಕಲ್ಲಿನ ಬಣ್ಣ ಬದಲಾಗುವುದು ಯಾರ ಕಣ್ಣಿಗಾದರೂ ಬೀಳುತ್ತದೆ. ಕಲಬುರಗಿಯ ಜಾಮಾ ಮಸೀದಿಗೆ 1367ರ ಶಾಸನವಿದೆ. ತೆರೆದ ಅಂಗಳವಿಲ್ಲದೆ ಇಡೀ ಗುಮ್ಮಟಗಳಿಂದ ಮುಚ್ಚಿದ ಮಸೀದಿ ಅದು. ಅದರ ಒಳಗಿಂದ ತೆರೆದ ಅಂಗಳಕ್ಕೆ ಕಟ್ ಮಾಡಿದರೆ ಕಟ್ಟಡದ ಗುಣವೇ ಹೋಯಿತು. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ಕಲಬುರಗಿಯಲ್ಲಿ. ಅಹ್ಮದ್ ಶಾ ವಲಿ ರಾಜಧಾನಿಯನ್ನು ಬೀದರಿಗೆ ಸಾಗಿಸಿದ್ದು 1420ರ ದಶಕದ ಮಾತು. ಬಹಮನಿಯ ಮೊದಲ ಸುಲ್ತಾನನನ್ನು ಬೀದರಿನ ತಖ್ತ್ ಮಹಲಿನಲ್ಲಿ ಕೂಡಿಸಿದರೆ ಒಂದು ಶತಮಾನದ ಹತ್ತಿರ ವ್ಯತ್ಯಾಸ.

ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ 1472ರದು. ಈಗ ಅದಕ್ಕೆ ಒಂದೇ ಮಿನಾರು ಉಳಿದಿದೆ. ಮುಂಭಾಗದ ಒಂದು ಪಾಲು ಮೊಘಲರ ಕಾಲದ ಸ್ಫೋಟದಲ್ಲಿ ಬಿದ್ದುಹೋಯಿತು. ಗವಾನ್ ಬದುಕಿದ್ದ ಕಾಲದ ದೃಶ್ಯದಲ್ಲಿ ಈ ಮುರುಕು ಮದರಸಾವನ್ನು ಹಾಗೆಯೇ ತೋರಿಸುವುದು, ಇನ್ನೂರು ವರ್ಷ ಮುಂದೆ ಆಗುವ ಅನಾಹುತವನ್ನು ಮೊದಲೇ ತೋರಿಸಿದಂತೆ. ಕ್ಯಾಮೆರಾವನ್ನು ಉಳಿದ ಮಿನಾರಿನ ಪಕ್ಕಕ್ಕೆ ಇಟ್ಟು ಹೆಂಚಿನ ಕೆಲಸದ ಮೇಲೆ ನಿಲ್ಲಿಸಿದರೆ ಗ್ರಾಫಿಕ್ಸ್ ಖರ್ಚಿಲ್ಲದೆ ಪಾರಾಗಬಹುದು. ವೈಡ್ ಬೇಕೇ ಬೇಕು ಎಂದರೆ ಟ್ರೈಪಾಡ್ ಮೇಲೆ ಅಲುಗದ ಶಾಟ್ ತೆಗೆಯಿರಿ. ಎರಡನೇ ಮಿನಾರು ಕೂಡಿಸುವುದು ಆಗ ಸುಲಭ, ಅಲುಗುವ ಶಾಟ್‌ನಲ್ಲಿ ಕೆಲಸ ಹಲವು ಪಟ್ಟು ಏರುತ್ತದೆ.

ಬಿದರಿ ಕೆಲಸವನ್ನು ತೋರಿಸುವವರಿಗೆ ವಿಶೇಷವಾಗಿ ಹೇಳಬೇಕು. ತೆರೆಯ ಮೇಲೆ ಕುಶಲಕರ್ಮಿ ಕಪ್ಪು ಹೂಜಿಯ ಮೇಲೆ ಬೆಳ್ಳಿ ಬಣ್ಣ ಬಳಿಯುವಂತೆ ಕಾಣಿಸುತ್ತಾನೆ. ಬಿದರಿಯಲ್ಲಿ ಬಣ್ಣ ಬಳಿಯುವ ಕೆಲಸವೇ ಇಲ್ಲ. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಕರಗಿಸಿ ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಆಗ ಪಾತ್ರೆ ಬೂದು ಬಿಳುಪು. ಅರದಿಂದ ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಉಳಿಯಿಂದ ಚಿತ್ರ ಕೆತ್ತಿ, ಆ ಗೀರಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡು ಕೂಡಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಉಜ್ಜಿದಾಗ ಆ ತಾತ್ಕಾಲಿಕ ಕಪ್ಪು ಪೂರ್ತಿ ಹೋಗಿ ಬೆಳ್ಳಿಗೂ ಲೋಹಕ್ಕೂ ಭೇದವೇ ಕಾಣದ ಹಾಗಾಗುತ್ತದೆ. ಕೊನೆಗೆ ಪಾತ್ರೆ ಬಿಸಿ ಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರನ್ನು ಹಚ್ಚಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಮೇಲೆ ಎಣ್ಣೆ ಒರೆಸುತ್ತಾರೆ. ಅಂದರೆ ಪಾತ್ರೆ ಎರಡು ಸಲ ಕಪ್ಪಾಗುತ್ತದೆ, ನಡುವೆ ಒಮ್ಮೆ ಬಿಳುಪಾಗುತ್ತದೆ. ಈ ಕ್ರಮ ಗೊತ್ತಿಲ್ಲದೆ ಶಾಟ್‌ಗಳನ್ನು ಹಿಂದುಮುಂದು ಜೋಡಿಸಿದರೆ ಬಿದರಿ ಕೆಲಸ ಮಾಡುವ ಮನೆಯವರಿಗೆ ನೋವಾಗುತ್ತದೆ. ಪ್ರತಿ ಹಂತದ ಒಂದೊಂದು ಹೂಜಿ ಮೊದಲೇ ತರಿಸಿಕೊಂಡರೆ ಅರ್ಧ ದಿನದಲ್ಲಿ ಇಡೀ ಸರಣಿ ತೆಗೆಯಬಹುದು.

ಬಸವಕಲ್ಯಾಣದ ಶರಣರ ಕಾಲದ ಚಿತ್ರಗಳಲ್ಲಿ ತಪ್ಪು ಗಿಡಮರಗಳಿಂದಲೇ ಶುರುವಾಗುತ್ತದೆ. ಹನ್ನೆರಡನೇ ಶತಮಾನದ ಬಯಲಿನಲ್ಲಿ ಬಳ್ಳಾರಿ ಜಾಲಿ ಇರಲಾರದು, ಅದು ಹತ್ತೊಂಬತ್ತನೇ ಶತಮಾನದಲ್ಲಿ ತಂದ ಗಿಡ. ಪಾಪಾಸುಕಳ್ಳಿ ಅಮೆರಿಕದಿಂದ ಬಂದದ್ದು. ಪಾರ್ಥೇನಿಯಂ ನಮ್ಮ ದೇಶದಲ್ಲಿ ಹಬ್ಬಿದ್ದು 1950ರ ದಶಕದ ನಂತರ. ಗುಲ್‌ಮೊಹರ್, ನೀಲಗಿರಿ ಎರಡೂ ಹೊರದೇಶದಿಂದ ಬಹಳ ಈಚೆಗೆ ಬಂದವು. ಊಟದ ಎಲೆಯಲ್ಲಿ ಕೆಂಪು ಮೆಣಸಿನಕಾಯಿ, ಶೇಂಗಾ ಹಿಂಡಿ, ಟೊಮ್ಯಾಟೊ, ಆಲೂಗಡ್ಡೆ, ಗೋವಿನಜೋಳ ಇಟ್ಟರೆ ಅವೆಲ್ಲ ಪೋರ್ಚುಗೀಸರು ಬಂದ ಮೇಲೆ ನಮ್ಮ ಅಡುಗೆಮನೆಗೆ ಬಂದವು. ಜೋಳ, ಎಳ್ಳು, ಕಡಲೆ, ಕರಿಮೆಣಸು, ಮೊಸರು, ಬೆಲ್ಲ ಇಟ್ಟರೆ ಸಾಕು. ಹಿನ್ನೆಲೆಗೆ ಬೇವು, ಬನ್ನಿ, ಆಲ, ಕರಿಜಾಲಿ ಇರುವ ಜಾಗ ಹುಡುಕಿರಿ. ಲೊಕೇಶನ್ ನೋಡಲು ಹೋದಾಗ ಕಲಾ ನಿರ್ದೇಶಕರ ಜೊತೆ ಒಬ್ಬ ಒಕ್ಕಲುತನದ ಹಿರಿಯರನ್ನು ಕರೆದುಕೊಂಡು ಹೋದರೆ ಯಾವ ಗಿಡ ಹೊಸದು ಎಂದು ಬೆರಳು ಮಾಡಿ ತೋರಿಸುತ್ತಾರೆ.

ನಮಗೆ ಹೆಚ್ಚು ನೋವು ಕೊಡುವುದು 1948ಕ್ಕೆ ಮುಂಚಿನ ಕಥೆಗಳು. ನಮ್ಮ ಮೂರೂ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಲ್ಲಿ ಬ್ರಿಟಿಷ್ ಕಲೆಕ್ಟರ್ ಇರಲಿಲ್ಲ. ಜಿಲ್ಲೆಗೆ ಅವ್ವಲ್ ತಾಲೂಕುದಾರ, ಗುಲಬರ್ಗಾ ಸುಬೆಗೆ ಸುಬೇದಾರ, ಠಾಣೆಗೆ ಅಮೀನ, ಊರ ಲೆಕ್ಕಕ್ಕೆ ಪಟವಾರಿ. ತೆರೆಯ ಮೇಲೆ ಕೆಂಪು ಮುಖದ ಇಂಗ್ಲಿಷ್ ಅಧಿಕಾರಿ ಗುಲಬರ್ಗಾದಲ್ಲಿ ಲಾಠಿ ಚಾರ್ಜ್ ಮಾಡಿಸುವುದನ್ನೂ, ಊರಲ್ಲಿ ಮೈಸೂರಿನ ಹಾಗೆ ಶಾನುಭೋಗರು ಲೆಕ್ಕ ಬರೆಯುವುದನ್ನೂ ತೋರಿಸಿದರೆ ನಮ್ಮ ಹಿರಿಯರು ಅನುಭವಿಸಿದ್ದೇ ಬೇರೆಯವರ ಪಾಲಾಗುತ್ತದೆ. ಕಚೇರಿ ಭಾಷೆ ಉರ್ದು. ಕಾಗದಗಳ ಮೇಲಿನ ವರ್ಷ ಫಸಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. 1357 ಫಸಲಿ ಎಂದರೆ 1947-48. ಹಣ ಹಾಲಿ ಸಿಕ್ಕಾ, ಚಾರ್‌ಮಿನಾರ್ ಚಿತ್ರದ ನಾಣ್ಯ. ರೂಪಾಯಿಗೆ 16 ಆಣೆ. ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ.

1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಸ್ವಾತಂತ್ರ್ಯ ಬಂದಾಗ ನಮಗೆ ಬಂದಿರಲಿಲ್ಲ. ಭಾರತದ ಸೇನೆಯ ಕಾರ್ಯಾಚರಣೆ 1948ರ ಸೆಪ್ಟೆಂಬರ್ 13ರಿಂದ 17ರವರೆಗೆ. ಆ ನಡುವಿನ ಹದಿಮೂರು ತಿಂಗಳ, ನಿಜಾಮರ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯನ್ನು ಬಿಟ್ಟು, 1947ರಲ್ಲೇ ಗುಲಬರ್ಗಾದ ಸರ್ಕಾರಿ ಕಟ್ಟಡದ ಮೇಲೆ ತ್ರಿವರ್ಣ ಹಾರಿಸಿದ ದೃಶ್ಯ ಸಂಗೀತದೊಂದಿಗೆ ಎಷ್ಟೇ ಚೆನ್ನಾಗಿದ್ದರೂ ಅದು ಸುಳ್ಳು. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ಕ್ಕೆ. 1965ರ ಶಾಲೆಯ ಗೋಡೆಯ ಮೇಲೆ "ಕರ್ನಾಟಕ ಸರ್ಕಾರ" ಎಂದು ಇರಬಾರದು.

ಇನ್ನು ಈಚಿನ ಕಾಲದ ಕಥೆಗಳು. ಇಲ್ಲಿ ತಪ್ಪಾಗುವುದು ಹೆಚ್ಚು, ಯಾಕೆಂದರೆ ಎಲ್ಲರಿಗೂ ನೆನಪಿದೆ ಎಂದು ಯಾರೂ ಪರಿಶೀಲಿಸುವುದಿಲ್ಲ. ವಾಹನಗಳಿಗೆ ಕೆಎ ಎನ್ನುವ ಸರಣಿ ಬಂದದ್ದು 1989ರಿಂದ ಈಚೆಗೆ. ಕೆಎ 32 ಕಲಬುರಗಿ, 33 ಯಾದಗಿರಿ, 38 ಬೀದರ್, 39 ಭಾಲ್ಕಿ. ಈಶಾನ್ಯ ಸಾರಿಗೆ ಎಂಬ ಹೆಸರು 2000ದಲ್ಲಿ ಬಂತು, ಕಲ್ಯಾಣ ಕರ್ನಾಟಕ ಸಾರಿಗೆ 2021ರಲ್ಲಿ. 1995ರ ಬಸ್ಸಿನ ಮೇಲೆ ಇವೆರಡೂ ಇರಬಾರದು. ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೆ ಮುಂಚಿನ ಕಥೆಯಲ್ಲಿ ಯಾದಗಿರಿಯ ಜಿಲ್ಲಾಧಿಕಾರಿ ಎಂಬ ಪಾತ್ರ ಬರೆಯಬೇಡಿರಿ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಶುರುವಾದದ್ದು 2008ರಲ್ಲಿ. ಬೀದರ್ ಕಲಬುರಗಿ ನಡುವಿನ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. 1990ರಲ್ಲಿ ಪ್ರೇಮಿಗಳು ಬೀದರಿನಲ್ಲಿ ರೈಲು ಹತ್ತಿ ನೇರ ಗುಲಬರ್ಗಾಕ್ಕೆ ಇಳಿಯಲು ದಾರಿಯೇ ಇರಲಿಲ್ಲ. ಗುಲಬರ್ಗಾ ನಿಲ್ದಾಣದಲ್ಲಿ ಹಳಿಯ ಮೇಲೆ ವಿದ್ಯುತ್ ತಂತಿ ಬಂದದ್ದೂ ತೀರ ಈಚೆಗೆ. ಹಳೆಯ ಕಥೆಗೆ ಪ್ಲಾಟ್‌ಫಾರ್ಮ್ ಬೇಕಿದ್ದರೆ ತಂತಿ ಕಾಣದಂತೆ ಎದೆಮಟ್ಟದ ಎತ್ತರದಿಂದ, ಬೆಂಚಿನ ಕಡೆ ಮುಖ ಮಾಡಿ ತೆಗೆಯಿರಿ.

ಬೇಸಿಗೆಯ ಕಚೇರಿ ವೇಳೆಯನ್ನು ಹೊರಗಿನವರು ಯಾರೂ ಗಮನಿಸುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ತಹಸೀಲ್ದಾರ್ ಕಚೇರಿಯಲ್ಲಿ ರೈತ ಸಾಲಿನಲ್ಲಿ ನಿಂತ ದೃಶ್ಯ ಬರೆದವರು ಇಲ್ಲಿ ಒಂದು ಬೇಸಿಗೆಯಾದರೂ ವಿಚಾರಿಸಬೇಕಿತ್ತು.

ಮಾತಿನ ಕಂಟಿನ್ಯುಟಿ ಕೆಡುವುದು ಡಬ್ಬಿಂಗ್‌ನಲ್ಲಿ. ಸ್ಥಳೀಯ ಕಲಾವಿದ ಸೆಟ್ಟಿನಲ್ಲಿ "ಎಲ್ಲಿಗಿ ಹೊಂಟೀರಿ ಮುತ್ಯಾ, ಏನ್ ಮಾಡ್ಲತ್ತೀರಿ" ಎಂದು ಮಾತಾಡಿರುತ್ತಾನೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಬೇರೆಯವರ ಧ್ವನಿಯಲ್ಲಿ ಅದು "ಎಲ್ಲಿಗ್ ಹೊಂಟೀರಿ ಅಜ್ಜಾ, ಏನ್ ಮಾಡಾಕತ್ತೀರಿ" ಆಗಿಬಿಡುತ್ತದೆ. ಅಣ್ಣ ಒಂದು ಜಿಲ್ಲೆಯವನು, ತಂಗಿ ಇನ್ನೊಂದು ಜಿಲ್ಲೆಯವಳು ಎನ್ನುವಂತೆ ಕೇಳಿಸುತ್ತದೆ. ದಖನಿ ಮಾತಾಡುವ ಹಣ್ಣಿನ ಗಾಡಿಯವನ ಬಾಯಿಗೆ ಲಖನೌದ ಉರ್ದು ಹಾಕುವುದೂ ಹಾಗೆಯೇ. ಇಲ್ಲಿ "ಹೌ", "ನಕ್ಕೋ" ಕೇಳಿಸಬೇಕು. ಸೆಟ್ಟಿನ ಪೈಲಟ್ ಟ್ರ್ಯಾಕ್ (ಚಿತ್ರೀಕರಣದ ಹೊತ್ತಿಗೇ ದಾಖಲಾದ ಧ್ವನಿ) ಅಳಿಸದೆ ಇಡಿರಿ, ಡಬ್ಬಿಂಗ್ ಹೊತ್ತಿಗೆ ಕಂಟಿನ್ಯುಟಿ ಬರೆದವನೇ ಸ್ಟುಡಿಯೋದಲ್ಲಿ ಕೂತಿರಲಿ.

ಈಗ ಕೆಲಸದ ಮಾತು. ಕನ್ನಡ ಸೆಟ್ಟುಗಳಲ್ಲಿ ಕಂಟಿನ್ಯುಟಿ ಸಾಮಾನ್ಯವಾಗಿ ಎಲ್ಲರಿಗಿಂತ ಹೊಸ ಸಹಾಯಕ ನಿರ್ದೇಶಕನ ಪಾಲಿಗೆ ಬೀಳುತ್ತದೆ. ಅವನ ಕೈಗೇ ಕ್ಲಾಪ್ ಕೊಡುತ್ತಾರೆ, ಜೂನಿಯರ್ ಕಲಾವಿದರನ್ನು ಕರೆತರಲೂ ಅವನನ್ನೇ ಓಡಿಸುತ್ತಾರೆ. ಅವನು ಮಾನಿಟರ್ ಬಿಟ್ಟು ಹೋದ ಆ ಟೇಕಿನಲ್ಲೇ ಕೈ ಬದಲಾಗಿರುತ್ತದೆ. ಆ ಹುದ್ದೆಗೆ ಒಬ್ಬನನ್ನು ಬೇರೆಯಾಗಿ ಇಡಿರಿ, ಅವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿರಿ. ಚಿತ್ರೀಕರಣಕ್ಕೆ ಮುಂಚೆ ಅವನು ಸ್ಕ್ರಿಪ್ಟನ್ನು ಕಥೆಯ ದಿನಗಳಾಗಿ ಒಡೆಯಬೇಕು: ಮೊದಲ ದಿನ ಬೆಳಿಗ್ಗೆ, ಅದೇ ದಿನ ರಾತ್ರಿ, ಎರಡನೇ ದಿನ, ಹೀಗೆ. ಪ್ರತಿ ದಿನದ ಎದುರು ತಿಂಗಳು, ಹೊಲದ ಸ್ಥಿತಿ, ಆಕಾಶ, ಉಡುಪು, ಗಡ್ಡ, ಗಾಯ. ಸೆಟ್ಟಿನಲ್ಲಿ ಪ್ರತಿ ಶಾಟಿಗೂ ದೃಶ್ಯ ಸಂಖ್ಯೆ, ಟೇಕ್, ಲೆನ್ಸ್, ಕಾರ್ಡ್ ಸಂಖ್ಯೆ, ಗಡಿಯಾರದ ಹೊತ್ತು ಬರೆಯಬೇಕು. ಸ್ಕ್ರಿಪ್ಟಿನ ಮೇಲೆ ಕ್ಯಾಮೆರಾಗೆ ಕಂಡ ಮಾತಿಗೆ ನೇರ ಗೆರೆ, ಕಾಣದ ಮಾತಿಗೆ ಅಲೆಗೆರೆ ಎಳೆಯುತ್ತಾ ಹೋದರೆ ಯಾವ ಮಾತಿಗೆ ಯಾವ ಕಡೆಯ ಶಾಟ್ ಇಲ್ಲ ಎನ್ನುವುದು ಅಂದೇ ಸಂಜೆ ಗೊತ್ತಾಗುತ್ತದೆ. ಫೋಟೊ ಟೇಕಿನ ಆರಂಭಕ್ಕೂ ಬೇಕು, ಓಕೆಯಾದ ಟೇಕಿನ ಕೊನೆಗೂ ಬೇಕು. ಮುಂದಿನ ಶಾಟ್ ಶುರುವಾಗುವುದು ಈ ಟೇಕಿನ ಕೊನೆಯಿಂದ. ಮುಂದೆ, ಹಿಂದೆ, ಎರಡು ಪಕ್ಕ, ನಾಲ್ಕೂ ಕಡೆ.

ಊಟದ ದೃಶ್ಯ ಒಂದನ್ನು ಬಿಡಿಸಿ ಹೇಳುತ್ತೇವೆ, ಇದರಲ್ಲೇ ಹೆಚ್ಚು ಎಡವುವುದು. ಗಂಡ ಹೆಂಡತಿ ಕೂತು ರೊಟ್ಟಿ ಉಣ್ಣುತ್ತಾರೆ. ಒಂದು ವೈಡ್, ಎರಡು ಸಜೆಷನ್ ಶಾಟ್ (ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರ ಮುಖ), ತಲಾ ನಾಲ್ಕು ಟೇಕ್ ಎಂದರೂ ಹನ್ನೆರಡು ಸಲ ರೊಟ್ಟಿ ಮುರಿಯಬೇಕು. ರಿಹರ್ಸಲ್ ಸೇರಿಸಿ ಒಬ್ಬರಿಗೆ ಇಪ್ಪತ್ತು ರೊಟ್ಟಿ ಇಟ್ಟುಕೊಳ್ಳಿರಿ. ಬಿಸಿ ರೊಟ್ಟಿ ಲೈಟಿನ ಕೆಳಗೆ ಬೇಗ ಬಿರುಸಾಗುತ್ತದೆ, ಅದಕ್ಕೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಬೇಕು. ಮುಗಿದುಹೋಯಿತೆಂದು ನಡುವೆ ಕಡಕ್ ರೊಟ್ಟಿ ತಂದರೆ ಫೋಟೊದಲ್ಲಿ ಭೇದ ಕಾಣುವುದಿಲ್ಲ. ಕ್ಲೋಸಪ್‌ನಲ್ಲಿ ಮಾತ್ರ ಒಂದು ಬಾಗುತ್ತದೆ, ಇನ್ನೊಂದು ಟಪ್ ಎಂದು ಮುರಿಯುತ್ತದೆ, ಆ ಸದ್ದು ಸಂಭಾಷಣೆಯ ಮೇಲೇ ಬೀಳುತ್ತದೆ. ರೊಟ್ಟಿ ಮುರಿದದ್ದು ಯಾವ ಪದಕ್ಕೆ, ತುತ್ತು ಬಾಯಿಗೆ ಹೋದದ್ದು ಯಾವ ಪದಕ್ಕೆ ಎಂದು ಸಂಭಾಷಣೆಯ ಹಾಳೆಯಲ್ಲೇ ಗುರುತು ಹಾಕಿ ಕಲಾವಿದರಿಗೆ ಹೇಳಿರಿ. ಮುತ್ಯಾನ ರುಮಾಲಿಗೂ ಒಂದು ಉಪಾಯವಿದೆ: ಮೊದಲ ದಿನ ಸುತ್ತಿದವರೇ ಪ್ರತಿದಿನ ಸುತ್ತಬೇಕು, ಇಲ್ಲವೇ ಸುತ್ತಿದ ಮೇಲೆ ಒಳಗಿಂದ ನಾಲ್ಕು ಹೊಲಿಗೆ ಹಾಕಿ ಟೋಪಿಯ ಹಾಗೆ ತೆಗೆದಿಡಬೇಕು. ಲಂಬಾಣಿ ತಾಂಡಾದ ಪಾತ್ರಗಳಿಗೆ ಉಡುಪು ಬಾಡಿಗೆ ತರುವಾಗ ಘುಗರಿ, ಟೋಪಲಿ ಎಂಬ ಆಭರಣಗಳು ಮದುವೆಯಾದ ಹೆಣ್ಣುಮಕ್ಕಳ ಗುರುತು ಎನ್ನುವುದನ್ನು ಮರೆಯಬೇಡಿರಿ.

ಅಕಾಡೆಮಿಯಿಂದ ನಾವು ಕೇಳುವುದು ಹೆಚ್ಚೇನಿಲ್ಲ. ಕಂಟಿನ್ಯುಟಿ ಬರವಣಿಗೆಗೆಂದೇ ಒಂದು ತರಬೇತಿ ನಡೆಸಿರಿ, ಅದನ್ನು ಕಲಬುರಗಿಯಲ್ಲೇ ನಡೆಸಿರಿ. ಕಲಿಯುವವರು ಇಲ್ಲಿಯ ಹುಡುಗ ಹುಡುಗಿಯರಾಗಿರಲಿ. ಒಂದು ಪ್ರದೇಶದ ಅಥವಾ ಹಳೆಯ ಕಾಲದ ಕಥೆ ಎಂದು ಹೇಳಿಕೊಂಡು ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕುವ ಚಿತ್ರಗಳಿಂದ ಸ್ಥಳ ಮತ್ತು ಕಾಲದ ವಿವರಪಟ್ಟಿಯನ್ನು ಕೇಳುವಂತೆ ಸಂಬಂಧಪಟ್ಟ ಇಲಾಖೆಗೆ ಶಿಫಾರಸು ಮಾಡಿರಿ. ಎರಡು ಪುಟ ಸಾಕು: ಕಥೆಯ ವರ್ಷ, ತಿಂಗಳು, ಬೆಳೆ, ಹಬ್ಬ, ಹಣ, ವಾಹನ, ಬೋರ್ಡು, ಮಾತಿನ ಬಗೆ, ಮತ್ತು ಇದನ್ನು ಪರಿಶೀಲಿಸಿದ ಸ್ಥಳೀಯರ ಸಹಿ. ನಿರ್ಮಾಪಕರು ಆ ಸ್ಥಳೀಯರಿಗೆ ಸಂಭಾವನೆ ಕೊಡಲಿ, ಹೆಸರನ್ನು ಶೀರ್ಷಿಕೆಯಲ್ಲಿ ಹಾಕಲಿ. ಈ ಪಟ್ಟಿ ಮುಹೂರ್ತಕ್ಕೆ ಮೊದಲು, ಕಲಾವಿದರ ಡೇಟ್ ಗೊತ್ತು ಮಾಡುವುದಕ್ಕೂ ಮೊದಲು ತಯಾರಾಗಬೇಕು. ಕಾಲ್‌ಶೀಟ್ ಆದ ಮೇಲೆ ತೊಗರಿ ಯಾವಾಗ ಹೂ ಬಿಡುತ್ತದೆ ಎಂದು ಫೋನ್ ಮಾಡಿ ಕೇಳಿದರೆ ನಾವು ಹೇಳಬಲ್ಲೆವು, ಹೂವನ್ನು ಹಿಂದಕ್ಕೆ ತರಲಾರೆವು.

ಇಂತಿ ನಿಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿಯ ಚಿತ್ರಕರ್ಮಿಗಳು ಮತ್ತು ಪ್ರೇಕ್ಷಕರು